ಪಾಳಿಯ ಚರಗಿ

ಗಜೇಂದ್ರಗಡದ ಹತ್ತಿರ, ಮನೆಯವರ ಕೈಮೀರಿದ ಹುಡುಗಿಯರಿಗೆಂದೇ ಇರುವ ವಸತಿ ಶಾಲೆಯಲ್ಲಿ ನಾನು ಆಪ್ತಸಮಾಲೋಚಕಿ. ಅಲ್ಲಿ ಸಮಾಲೋಚನೆಯ ಕೋಣೆಗೆ ನಾನೇ ಮಾಡಿ, ಬಾಗಿಲಿಗೆ ಬರೆದು ಹಾಕಿದ ನಿಯಮವೊಂದಿದೆ: ತಾಮ್ರದ ಚರಗಿ, ಅಂದರೆ ನೀರಿನ ತಂಬಿಗೆ, ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು.

ಮೂರು ಸಲ ಮನೆ ಬಿಟ್ಟು ಓಡಿದ್ದ ಮಗಳನ್ನು ವಾಪಸ್ ಕರೆದೊಯ್ಯಲು ನರಗುಂದದ ವ್ಯಾಪಾರಿಯೊಬ್ಬರು ಬಂದರು. ಕೂಡುವ ಮೊದಲೇ, "ಇಕಿಗೆ ನಾವೇನ್ ಕಡಿಮಿ ಮಾಡೇವ್ರಿ?" ಎಂದು ಶುರು ಹಚ್ಚಿಕೊಂಡರು.

"ಅಪ್ಪಾ, ಚರಗಿ ನನ್ನ ಕೈಯಾಗೈತಿ," ಎಂದಳು ಮಗಳು.

ಇಡೀ ಪೇಟೆ ಹೆದರುವ ಮನುಷ್ಯ ಬಾಯಿ ಮುಚ್ಚಿದರು!

"ಮನ್ಯಾಗ ನನ್ನ ಪಾಳಿ ಬರೂದಽ ಇಲ್ಲ. ಅದಕ್ಕ ಓಡಿ ಹೋಗ್ತಿದ್ದೆ," ಎಂದು ಒದರದೆ, ಅಳದೆ ಹೇಳಿ ಅವಳು ಚರಗಿಯನ್ನು ಅಪ್ಪನ ಕೈಗಿಟ್ಟಳು. ಅವರು ಅದನ್ನು ತಿರುವಿ ತಿರುವಿ ನೋಡಿ ಮಗಳಿಗೇ ಮರಳಿಸಿದರು.

"ಇನ್ನೂ ಏನರ ಇದ್ರ ಹೇಳವ್ವಾ."

ಅವತ್ತು ನಾನು ತುಟಿ ಬಿಚ್ಚಲಿಲ್ಲ. ಅಷ್ಟು ಚಲೋ ಸಮಾಲೋಚನೆ ಮತ್ತೆಂದೂ ಮಾಡಿಲ್ಲ.