ಶವಪೆಟ್ಟಿಗೆಯ ಮೇಲಿನ ಕೋಳಿಮರಿ

ಸಾನ್ ರೋಕೆ ಕೇರಿಯಲ್ಲಿ ಯಾರು ಸತ್ತರೂ ಮೊದಲು ಕರೆಯುವುದು ಕಾರ್ಪೊನನ್ನು, ಆಮೇಲೆ ಪಾದ್ರಿಯನ್ನು. ಕಪ್ಪಾದ ತುಟಿಗೆ ಬಣ್ಣ, ಕುಸಿದ ಕೆನ್ನೆಯೊಳಗೆ ಹತ್ತಿ, ಕೂದಲಿಗೆ ಎಣ್ಣೆ. ಮೂರು ತಲೆಮಾರಿನ ಹೆಣಗಳು ಅವನ ಕೈಯಲ್ಲಿ ಸಿಂಗಾರಗೊಂಡು ಪೆಟ್ಟಿಗೆ ಸೇರಿವೆ. ಆದರೆ ಆ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಳ್ಳಲು ಕೇರಿಯ ಯಾವ ತಾಯಿಯೂ ತನ್ನ ಮಗುವನ್ನು ಬಿಡುವುದಿಲ್ಲ. ಹಿರಿಯರು ಎದುರಾದರೆ ಅವರ ಕೈ ಹಣೆಗೆ ಮುಟ್ಟಿಸಿಕೊಳ್ಳಬೇಕೆಂದು ಇಲ್ಲಿ ಈಗಷ್ಟೇ ನಡೆಯಲು ಕಲಿತ ಕೂಸಿಗೂ ಗೊತ್ತು. ಕುಡುಕನ ಕೈಗೆ ಆ ಮರ್ಯಾದೆ ಸಲ್ಲುತ್ತದೆ, ಹೆಂಡತಿಯನ್ನು ಬಡಿಯುವವನ ಕೈಗೂ ಸಲ್ಲುತ್ತದೆ. ಸತ್ತ ಅಪ್ಪನ ಮುಖ ಸವರಬಹುದಾದ ಕೈ, ಬದುಕಿರುವ ಮಗನ ಹಣೆಗೆ ಮಾತ್ರ ಮೈಲಿಗೆ!

ಕಾರ್ಪೊ ಗಂಡಸರನ್ನು ಪ್ರೀತಿಸುವ ಗಂಡಸು, ಅಷ್ಟೇ ಕಾರಣ. ಎಪ್ಪತ್ತು ದಾಟಿದ ಮೇಲೂ ಹುಬ್ಬು ತೀಡಿಕೊಂಡು, ಹೂವಿನ ಅಂಗಿ ತೊಟ್ಟು ಓಡಾಡುತ್ತಾನೆ. ಮೀನುಕೆರೆಯ ಏರಿಯ ಪಕ್ಕ ಒಂದು ಕೋಣೆ ಅವನದು. ಹಲಗೆ ಗೋಡೆಯಾಚೆ ನೇನಾ ಎಂಬ ಬಾಯಿಬಡುಕಿ ಹೆಂಗಸಿನ ಸಂಸಾರ. ಅವಳು ಮೂರು ಹೊತ್ತೂ ರೇಡಿಯೋ ಹಾಕಿಕೊಂಡು ನಾಟಕ ಕೇಳುತ್ತಾಳೆ. ಬೇಸರವಾದಾಗ ಗೋಡೆಯಾಚೆಯಿಂದಲೇ, "ಏನಜ್ಜಿ, ಇವತ್ತು ಯಾರೂ ಸಾಯ್ಲಿಲ್ವಾ?" ಎಂದು ಕೆಣಕುತ್ತಾಳೆ. "ನಿನಗೋಸ್ಕರಾನೇ ಕಾಯ್ತಿದೀನಿ ಕಣೇ, ಒಳ್ಳೇ ಗುಲಾಬಿ ಬಣ್ಣ ತೆಗೆದಿಟ್ಟಿದೀನಿ" ಎಂದು ಇವನು. ದಿನವಿಡೀ ಅವನ ಜೊತೆ ಯಾರಾದರೂ ಮಾತಾಡಿದರೆ ಬಹುಪಾಲು ಇಷ್ಟೇ.

ಹೀಗಿದ್ದವನ ಬದುಕನ್ನು ಸಿನಿಮಾ ಮಾಡಲು ಮನಿಲಾದಿಂದ ಮಾರಿವಿಕ್ ಎಂಬ ನಿರ್ದೇಶಕಿ ಬಂದಳು. ಮೊದಲು ಅವಳು ಬಂದಿದ್ದು ತನ್ನ ಅತ್ತೆಯ ಸಾವಿಗೆ. ಹೆಣದ ತಲೆ ಬಾಚುತ್ತಿದ್ದ ಮುದುಕನ ಕುತ್ತಿಗೆಯ ಹಿಂದೆ ಸುಟ್ಟ ಕಲೆಗಳಿದ್ದವು. "ಏನಜ್ಜಾ ಇದು?" ಎಂದು ಕೇಳಿದಳು. ಮಹಾಯುದ್ಧದ ಕಾಲದಲ್ಲಿ ಸೈನಿಕರು ಎಳೆದೊಯ್ದು ಕೆಡಿಸಿದ ಹೆಂಗಸರು ಐವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಆಗಷ್ಟೇ ರೇಡಿಯೋದಲ್ಲಿ ಮಾತಾಡತೊಡಗಿದ್ದ ಕಾಲ ಅದು. ಕಾರ್ಪೊ ಬಾಚಣಿಗೆ ಕೆಳಗಿಡದೆಯೇ ಹೇಳಿದ: "ಸಿಗರೇಟು. ಜಪಾನಿ ಸೈನಿಕರದು. ನಾವೂ ಇದ್ವಮ್ಮ ಅಲ್ಲಿ. ನಮ್ಮನ್ನ ಯಾರೂ ಕೇಳ್ಲಿಲ್ಲ ಅಷ್ಟೇ."

ಯುದ್ಧದ ಎರಡನೆಯ ವರ್ಷ. ಊರಹಬ್ಬದ ವೇದಿಕೆಯಲ್ಲಿ ಕಾರ್ಪೊ ಮತ್ತು ಅವನ ಜೀವದ ಗೆಳೆಯ ಕ್ಲೆತೊ ಹೆಣ್ಣುಡುಗೆ ತೊಟ್ಟು ಹಾಡುತ್ತಿದ್ದರು. ಸೈನಿಕರು ಹೆಣ್ಣುಗಳೆಂದೇ ಎಳೆದೊಯ್ದರು. ಅಲ್ಲವೆಂದು ತಿಳಿದಾಗ ಮೊದಲು ಬಡಿದರು, ಆಮೇಲೆ ಅದನ್ನೂ ಮಾಡಿದರು. ಶಾಲೆಯ ಕಟ್ಟಡದಲ್ಲಿ ಕೂಡಿಹಾಕಿ ಹಗಲೆಲ್ಲ ಬಟ್ಟೆ ಒಗೆಸಿದರು. ರಾತ್ರಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಳಗ್ಗೆ ಕ್ಲೆತೊ ಒಬ್ಬ ಅಧಿಕಾರಿಯ ಕೈ ಕಚ್ಚಿದ. ಅವನನ್ನು ಮೀನುಕೆರೆಯ ಕಡೆ ನಡೆಸಿಕೊಂಡು ಹೋದರು. ಹಿಂದಿರುಗಿ ಬಂದದ್ದು ಸೈನಿಕರು ಮಾತ್ರ.

ಶತ್ರುಗಳು ಓಡಿದ ಮೇಲೆ ಕಾರ್ಪೊ ಕೇರಿಗೆ ಮರಳಿದ. ಊರಿನವರು ಅವನಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಜಪಾನಿಯರ ಸೂಳೆ ಎಂದು ಮುಖಕ್ಕೆ ಉಗಿದರು, ಕಲ್ಲು ಬೀಸಿದರು. ಬೀಸಿದವರ ಪೈಕಿ ಅನೇಕರ ಹೆಣಕ್ಕೆ ಆಮೇಲೆ ಅವನೇ ಬಣ್ಣ ಹಚ್ಚಿದ್ದಾನೆ. ಆ ದಿನ ಕ್ಲೆತೊನ ತಾಯಿ ಗುಂಪನ್ನು ಸೀಳಿಕೊಂಡು ಬಂದು, "ನನ್ನ ಮಗ ಎಲ್ಲಿ?" ಎಂದಾಗ, ಹಣೆಯಿಂದ ರಕ್ತ ಇಳಿಯುತ್ತಿದ್ದ ಕಾರ್ಪೊ ಎಲ್ಲರಿಗೂ ಕೇಳುವಂತೆ ಹೇಳಿದ: "ಅವನು ನನ್ನ ಜೊತೆ ಇರ್ಲಿಲ್ಲಮ್ಮ. ತಪ್ಪಿಸ್ಕೊಂಡು ಗೆರಿಲ್ಲಾಗಳ ಹತ್ರ ಹೋದ. ಕಾಡಿನಲ್ಲಿ ಹೋರಾಡ್ತಾ ಸತ್ತ."

ಆ ಸುಳ್ಳನ್ನು ಊರು ಎತ್ತಿಕೊಂಡು ಮುದ್ದಾಡಿತು. ಚೌಕದ ಹುತಾತ್ಮರ ಕಲ್ಲಿನಲ್ಲಿ ಕ್ಲೆತೊನ ಹೆಸರು ಕೆತ್ತಿದರು. ವರ್ಷಕ್ಕೊಮ್ಮೆ ಬ್ಯಾಂಡು, ಹೂಮಾಲೆ, ಭಾಷಣ. ಕಾರ್ಪೊ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ ಮನೆಗೆ ಬರುತ್ತಾನೆ.

ಈಗ ಸಿನಿಮಾದಲ್ಲಿ ಆ ಹೆಸರು ನಿಜದ ಜೊತೆ ಬರಲಿದೆ ಎಂದು ಕೇರಿಯಲ್ಲೆಲ್ಲ ಗುಲ್ಲಾಯಿತು. ಒಂದು ಮಧ್ಯಾಹ್ನ ಕ್ಲೆತೊನ ತಂಗಿ ಹೆನ್ಯಾ ಕೊಡೆ ಮಡಚುತ್ತ ಕಾರ್ಪೊನ ಬಾಗಿಲಲ್ಲಿ ನಿಂತಳು. ಅವಳೂ ಈಗ ಮುದುಕಿ. ಅವಳ ಮಗ ಕೇರಿಯ ಮುಖಂಡ.

"ಕಾರ್ಪೊ ಅಣ್ಣ, ಒಳಗೆ ಬರ್ಲಾ?"

"ಬಾ ಹೆನ್ಯಾ. ಯಾರು ಹೋದ್ರು?"

"ಯಾರೂ ಹೋಗಿಲ್ಲ. ಹೆಣ ಬಿದ್ರೆ ಮಾತ್ರ ಬರ್ಬೇಕಾ ನಿನ್ನ ಮನೆಗೆ?"

"ಇಲ್ಲೀವರೆಗೂ ಎಲ್ರೂ ಹಾಗೇ ಬಂದಿರೋದು."

ಅವಳು ಕೂರಲಿಲ್ಲ. ಗೋಡೆಯಾಚೆ ರೇಡಿಯೋ ಸದ್ದು ಥಟ್ಟನೆ ಸಣ್ಣದಾಯಿತು, ನೇನಾ ಕಿವಿಗೊಟ್ಟಿದ್ದಳು. ಹೆನ್ಯಾ ದನಿ ತಗ್ಗಿಸಿದಳು.

"ನೀನವತ್ತು ಹೇಳಿದ್ದು ಸುಳ್ಳು ಅಂತ ನಂಗವತ್ತೇ ಗೊತ್ತಿತ್ತು. ಅವನ ಗೌನಿನ ಅಂಚು ಹೊಲಿದು ಕೊಟ್ಟೋಳು ನಾನೇ. ಅದೇ ಗೌನಲ್ಲೇ ಅವನನ್ನ ಎಳ್ಕೊಂಡು ಹೋಗಿದ್ದೂ ನೋಡ್ದೆ. ಅಮ್ಮ ಮಾತ್ರ ನಂಬಿದ್ಲು, ನಂಬ್ಕೊಂಡೇ ಸತ್ಲು. ನನ್ನ ಮಗ ಆ ಕಲ್ಲಿನ ಹೆಸರು ಹೇಳ್ಕೊಂಡೇ ಓಟು ಗೆದ್ದೋನು. ಆ ಕಲ್ಲಿಗೆ ಜನ ಉಗಿಯೋ ಹಾಗೆ ಮಾಡ್ಬೇಡ ಅಣ್ಣ."

"ಅವನೇನು ತಪ್ಪು ಮಾಡಿದ ಅಂತ ಉಗೀತಾರೆ?"

"ನೀನೇನು ತಪ್ಪು ಮಾಡಿದ್ದೆ ಅಂತ ಉಗಿದ್ರು?"

ಕಾರ್ಪೊ ತನ್ನ ಜೀವಮಾನದಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದಿದ್ದ. ಕೇಳಿದ್ದು ಹೀಗೆ, ಅವನ ಬಾಯಿ ಮುಚ್ಚಿಸಲು. "ಆಯ್ತು ಹೋಗು. ಹೆಸರು ಬರಲ್ಲ" ಎಂದ.

ಮಾರಿವಿಕ್ ಕೇಳಿ ಸಿಡಿದಳು. "ಅಜ್ಜಾ, ಅವರನ್ನ ಒಂದ್ಸಲ ಕೊಂದಾಯ್ತು. ಈಗ ನಾವೂ ಅಳಿಸಿಹಾಕಿದ್ರೆ?"

"ಅಳಿಸು. ಬೇರೆ ಏನಾದ್ರೂ ಹೆಸರಿಡು. ಬದಲಿಗೆ ನಂಗೊಂದು ಶವಪೆಟ್ಟಿಗೆ ಕೊಡು."

"ಪೆಟ್ಟಿಗೆ ಯಾಕೆ?"

"ಅವನಿಗೆ. ಮೇಲೊಂದು ಕೋಳಿಮರಿ."

ಇಲ್ಲಿ ಕೊಲೆಯಾದವರ ಪೆಟ್ಟಿಗೆಗೆ ಮುಖ ಕಾಣಲೆಂದು ಮುಚ್ಚುವ ಗಾಜಿನ ಮೇಲೆ ಜೀವಂತ ಕೋಳಿಮರಿ ಬಿಡುತ್ತಾರೆ. ಮರಿ ಕುಕ್ಕಿದ ಹಾಗೆಲ್ಲ ಕೊಂದವನ ಎದೆಯೊಳಗೆ ಕುಕ್ಕುತ್ತದೆಂಬ ನಂಬಿಕೆ. ಕಾರ್ಪೊ ಅಂಥ ಎಷ್ಟೋ ಪೆಟ್ಟಿಗೆಗಳ ಪಕ್ಕ ನಿಂತಿದ್ದ. ಕ್ಲೆತೊನಿಗೆ ಪೆಟ್ಟಿಗೆಯೇ ಇರಲಿಲ್ಲ.

"ಆದ್ರೆ ಹಾಗೆ ನಡೀಲೇ ಇಲ್ವಲ್ಲಜ್ಜಾ. ನಿಜ ಬಿಟ್ಟು..."

"ನಿಜಾನಾ? ನನ್ನ ಪಾತ್ರಕ್ಕೆ ಹಾಕಿದೀಯಲ್ಲ ಆ ಹೀರೋ, ಅವನ ಮೂಗು ನೋಡು, ನನ್ನ ಮೂಗು ನೋಡು. ಮೂಗಿಗೆ ಬೇಡದ ನಿಜ ಪೆಟ್ಟಿಗೆಗೆ ಬೇಕಾ?"

ಅವಳಿಗೆ ನಗು ಬಂತು, ನಗುತ್ತಲೇ ಒಪ್ಪಿದಳು.

ಚಿತ್ರೀಕರಣ ಪ್ರಾರ್ಥನಾಮಂದಿರದ ಅಂಗಳದಲ್ಲಿ. ಕೇರಿಯೆಲ್ಲ ನೆರೆದಿತ್ತು. "ಅಜ್ಜೀ, ಹೀರೋಯಿನ್ ನೀನೇನಾ?" ಎಂದು ಯಾರೋ ಕೂಗಿದರು. ಕಾರ್ಪೊ ತಿರುಗಿ ನೋಡಲಿಲ್ಲ. ಸಿನಿಮಾದ ಮೇಕಪ್ಪಿನವನನ್ನು ಸರಿಸಿ ಪೆಟ್ಟಿಗೆಯ ಬಳಿ ತಾನೇ ಕೂತ. ಒಳಗೆ ಮಲಗಿದ್ದವನು ಯಾರೋ ಹೊಸ ನಟ, ಕಣ್ಣು ಮುಚ್ಚಿದ್ದ. ಹಬ್ಬದ ತೋರಣದ ಕೆಂಪು ಕಾಗದವನ್ನು ನೀರಿನಲ್ಲಿ ಅದ್ದಿ ಅವನ ತುಟಿಗೆ ಉಜ್ಜಿದ. ಆಗೆಲ್ಲ ಬಣ್ಣ ಕೊಳ್ಳಲು ಆಗದ ಹುಡುಗರು ಹಾಗೆಯೇ ತುಟಿ ಕೆಂಪು ಮಾಡಿಕೊಳ್ಳುತ್ತಿದ್ದರು. ಜಪಾನಿ ಕಾಗದ ಎಂದೇ ಅದಕ್ಕೆ ಇಲ್ಲಿ ಹೆಸರು, ಏನು ಮಾಡುವುದು! ಎಡಹುಬ್ಬಿನ ಮೇಲೆ, ಕ್ಲೆತೊನಿಗಿದ್ದ ಹಾಗೆ, ಒಂದು ಮಚ್ಚೆ ಇಟ್ಟ. ಹಿಂದೆ ಸರಿದು ನೋಡಿದ.

ಗಾಜು ಮುಚ್ಚಿ ಮರಿ ಬಿಟ್ಟರು. ಮರಿ ಒಂದೇ ಸಮ ಕೀಚುಗುಟ್ಟಿತು, ಜಾರಿತು, ಕುಕ್ಕಲೇ ಇಲ್ಲ. ಕ್ಯಾಮೆರಾದವರು ಗೊಣಗಿದರು. ನಗರದ ಜನಕ್ಕೆ ಗೊತ್ತಿರಲಿಲ್ಲ, ಕಾರ್ಪೊನಿಗೆ ಆ ಮುಖದ ಮುಂದೆ ನೆನಪಾಗಲಿಲ್ಲ: ಗಾಜಿನ ಮೇಲೆ ಅಕ್ಕಿಯೇ ಇರಲಿಲ್ಲ. ನೆನಪಾದರೂ ಅವನೇ ಹಾಕುವಂತಿರಲಿಲ್ಲ. ಅಕ್ಕಿ ಹಾಕುವುದು ಸತ್ತವನ ರಕ್ತಸಂಬಂಧಿಗಳು.

"ಎಂಥ ಜನ ರೀ ನೀವು! ಮರಿ ಹಸಿದು ಬಡ್ಕೋತಿದೆ, ಕಿವಿ ಕೇಳ್ಸಲ್ವಾ?"

ಗುಂಪಿನೊಳಗಿಂದ ಹೆನ್ಯಾ. ಬೆಳಗಿನಿಂದ ಕಂಬದ ಮರೆಯಲ್ಲಿ ನಿಂತಿದ್ದಳಂತೆ. ದಡದಡ ಎದುರಿನ ಅಂಗಡಿಗೆ ಹೋಗಿ ಬೊಗಸೆ ತುಂಬ ಅಕ್ಕಿ ತಂದಳು. ಅವಳ ಮಗ ಅಡ್ಡ ಬಂದ. "ಅಮ್ಮಾ, ನೀನ್ಯಾಕೆ ಹಾಕ್ತೀಯ? ನಾವೇನು ಇವನ ಮನೆಯೋರಾ? ಜನ ಏನಂದ್ಕೋತಾರೆ?"

"ಅಂದ್ಕೊಳ್ಲಿ ಬಿಡು" ಎಂದು ಅವನನ್ನು ಮೊಣಕೈಯಿಂದ ಸರಿಸಿದಳು. ಗಾಜಿನ ಕೆಳಗಿನ ಕೆಂಪು ತುಟಿ, ಮಚ್ಚೆ ನೋಡಿದಳು. ಅಕ್ಕಿ ಸುರಿದಳು. ಟಕ್, ಟಕ್, ಟಕ್. ಅಕ್ಕಿ ಯಾರು ಹಾಕುತ್ತಾರೆಂದು ತಿಳಿಯದವರು ಅಲ್ಲಿ ಸಿನಿಮಾದವರು ಮಾತ್ರ. ಕೊಂದವರು ಎಂದೋ ಹಡಗು ಹತ್ತಿ ಹೋಗಿದ್ದರು. ಕಲ್ಲು ಬೀಸಿದವರು, ಅವರ ಮಕ್ಕಳು ಮೊಮ್ಮಕ್ಕಳು ನೆಲ ನೋಡುತ್ತ ನಿಂತಿದ್ದರು.

ಕಾರ್ಪೊನ ಬಲಗೈ ತಾನಾಗಿ ಅರ್ಧ ಮೇಲೆದ್ದಿತು, ಹಿರಿಯರು ಕಿರಿಯರ ಹಣೆಗೆ ಕೊಡುವ ಹಾಗೆ. ಹೆನ್ಯಾ ಅಷ್ಟರಲ್ಲಿ ಬೆನ್ನು ತಿರುಗಿಸಿ ಕೊಡೆ ಬಿಚ್ಚಿದ್ದಳು. ನೋಡಿದಳೋ ಇಲ್ಲವೋ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಸಿನಿಮಾ ಮುಗಿದು ತೆರೆಗೆ ಬಂದಿತು. ಕೇರಿಯವರು ಜೀಪು ತುಂಬಿಕೊಂಡು ಹೋಗಿ ನೋಡಿ, ಮೂಗು ಒರೆಸಿಕೊಳ್ಳುತ್ತ ಬಂದರು. ಜಪಾನಿಯರ ಕ್ರೌರ್ಯಕ್ಕೆ ಅತ್ತರು. ಅದಕ್ಕೆ ಅಳುವುದು ಸುಲಭ. ಊರವರ ಕಲ್ಲಿನ ದೃಶ್ಯ ಬಂದಾಗ ಎಷ್ಟೋ ಜನ ಕಡಲೆಕಾಯಿ ಕೊಳ್ಳಲು ಎದ್ದು ಹೋಗಿದ್ದರಂತೆ. ಆ ವರ್ಷವೂ ಹುತಾತ್ಮರ ಕಲ್ಲಿಗೆ ಹೂಮಾಲೆ ಬಿತ್ತು. ಕಾರ್ಪೊನ ಕೈ ಯಾರ ಹಣೆಗೂ ತಾಗಲಿಲ್ಲ.

ಆ ಚಿತ್ರೀಕರಣದ ದಿನ ಎಲ್ಲರೂ ಸಾಮಾನು ಕಟ್ಟಿಕೊಂಡು ಹೊರಟಾಗ ಮರಿಯನ್ನು ಯಾರೂ ಕೇಳಲಿಲ್ಲ. ಕಾರ್ಪೊ ಅದನ್ನು ಅಂಗಿಯೊಳಗೆ ಇಟ್ಟುಕೊಂಡ. ಗಾಜಿನ ಮೇಲೆ ಉಳಿದ ಅಕ್ಕಿಯನ್ನು ಒಂದೂ ಬಿಡದೆ ಕರವಸ್ತ್ರಕ್ಕೆ ಬಳಿದುಕೊಂಡ. ಕೋಣೆಗೆ ಬಂದು ತಗಡಿನ ತಟ್ಟೆಗೆ ಆ ಅಕ್ಕಿ ಹಾಕಿ ಮರಿಯನ್ನು ಬಿಟ್ಟ.

"ಅಜ್ಜೀ, ಏನದು ಟಕಟಕ?" ಎಂದಳು ಗೋಡೆಯಾಚೆಯಿಂದ ನೇನಾ.

"ಕೋಳಿಮರಿ."

"ಅಯ್ಯೋ, ಮನೇಲ್ಯಾಕೆ? ಯಾರ್ದಾದ್ರೂ ಕೊಲೆಯಾಯ್ತಾ?"

ಕಾರ್ಪೊ ಗೋಡೆಯ ಹತ್ತಿರ ಸರಿದು ಕೂತ. ಸಿನಿಮಾದಲ್ಲಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ. ಹಲಗೆ ಗೋಡೆಗೆ ಕೊಟ್ಟಿರಲಿಲ್ಲ.

"ಹೂಂ. ಕ್ಲೆತೊ ಅಂತ. ನನ್ನ ಜೊತೆ ಹಾಡ್ತಿದ್ದ."

ಆಚೆ ನೇನಾ, ಮುಂದಿನ ಮಾತು ಕೇಳಿಸದಷ್ಟು, ರೇಡಿಯೋವನ್ನು ಜೋರು ಮಾಡಿದಳು.