ಹನುಮಂತನ ಗುಡಿಯಲ್ಲಿ ಗೌರಿಯ ಹಾಡು

"ಬಾ ತಾಯೀ ಗೌರಮ್ಮಾ, ಮೊದಲ್ನೇ ಹಾಡು ನಿಂದೇ!" ಹಾರ್ಮೋನಿಯಂ ಮುಂದೆ ಕೂತಿದ್ದ ಅಪ್ಪನ ಗೆಳೆಯ ನಾರಾಯಣಪ್ಪನವರು ಹೀಗೆಂದಾಗ ನನ್ನಮ್ಮ ಕಕ್ಕಾಬಿಕ್ಕಿಯಾದರು.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಶನಿವಾರ ಅದು. ಸುಗಟೂರಿನ ನಮ್ಮ ಬೀದಿಯ ಆಂಜನೇಯನ ಗುಡಿಗೆ ಅಮ್ಮನನ್ನು ಒತ್ತಾಯಿಸಿ ಕರೆದುಕೊಂಡು ಹೋಗಿದ್ದೆ. ಅಪ್ಪ ಒಂದು ಶನಿವಾರವೂ ಅಲ್ಲಿನ ಭಜನೆ ತಪ್ಪಿಸಿದವರಲ್ಲ. ಅದು ಹಾಲು ಕರೆಯುವ ಹೊತ್ತಾದ್ದರಿಂದ ಅಮ್ಮ ಒಮ್ಮೆಯೂ ಹೋದವರಲ್ಲ. "ನಿಮಗೆ ನನಗಿಂತ ಆ ಹನುಮಂತನೇ ಹೆಚ್ಚು" ಎಂದು ಗೊಣಗುತ್ತಿದ್ದರು. ಅಪ್ಪ ನಕ್ಕು, ತಾಳ ಎತ್ತಿಕೊಂಡು ಹೊರಡುತ್ತಿದ್ದರು.

"ನಂಗೆಲ್ಲಿ ಹಾಡಕ್ಕೆ ಬರ್ತದಣ್ಣಾ?" ಎಂದರು ಅಮ್ಮ.

"ನೀನು ಹಾಡೋದಲ್ಲಮ್ಮಾ. ನಿನ್ನ ಗಂಡ ಗೌರಿ ಹಾಡಿಲ್ದೆ ಭಜನೆ ಶುರು ಮಾಡಕ್ಕೇ ಬಿಡ್ತಿರಲಿಲ್ಲ. ಹನುಮಂತನ ಗುಡೀಲಿ ಗೌರಿ ಹಾಡು ಯಾಕಯ್ಯಾ ಅಂದ್ರೆ, 'ಬ್ರಹ್ಮಚಾರಿ ಅವನು, ನಾನಲ್ವಲ್ಲ' ಅಂತಿದ್ದ!"

ಗುಡಿಯೆಲ್ಲ ನಗು. ಭಜನೆಯವರಿಗೆಲ್ಲ ಗೊತ್ತಿದ್ದ ಗುಟ್ಟು ಅಮ್ಮನಿಗೊಬ್ಬರಿಗೇ ಗೊತ್ತಿರಲಿಲ್ಲ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುವುದನ್ನು ಕಂಡು, ಅಳುತ್ತಿದ್ದಾರೇನೋ ಎಂದು ಹತ್ತಿರ ಸರಿದೆ. ನೋಡಿದರೆ ಮದುವಣಗಿತ್ತಿಯಂತೆ ನಾಚಿಕೊಂಡು ನಗುತ್ತಿದ್ದಾರೆ! ಹಾಡು ಶುರುವಾದಾಗ ಮಾತ್ರ ಕಣ್ಣೊರೆಸಿಕೊಂಡರು.

ಈಗ ಶನಿವಾರ ಬಂದರೆ ಅಮ್ಮ ಒಳ್ಳೆಯ ಸೀರೆಯುಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ. ದಾರಿಯುದ್ದಕ್ಕೂ ಅಪ್ಪನ ಮೇಲೆ ಹುಸಿಮುನಿಸು: "ಊರಿಗೆಲ್ಲ ಕೇಳಿಸಿದ್ರು, ಮನೇಲಿ ಒಂದಿನಾನೂ ಹಾಡಲಿಲ್ಲ ನೋಡೇ!"