ಗಾಜಣ್ಣ ಹಾಕಿದ ಸರಿ ಗುರುತು

ಅವನನ್ನು ಎಲ್ಲರೂ ಕರೆಯುವುದು ಗಾಜಣ್ಣ ಎಂದೇ. ಮೂವತ್ತೊಂದು ವರ್ಷದಿಂದ ಕಾರುಗಳಿಗೆ ಮುಂದಿನ ಗಾಜು ಕೂರಿಸುತ್ತ ಬಂದವನು. ಹೊಸ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಕೂತ್ಕೊಂಡ ನೋಡು" ಎನ್ನುತ್ತಿದ್ದ, ಹಟ ಮಾಡುತ್ತಿದ್ದ ಕೂಸು ಕಡೆಗೂ ಸುಮ್ಮನಾದಂತೆ. ಅವನು ಕೂರಿಸಿದ ಗಾಜಿನ ಸಂದಿಯಿಂದ ಒಂದು ಹನಿ ಒಳಗೆ ಇಳಿಯಿತೆಂದು ಯಾರೂ ದೂರಿದ್ದಿಲ್ಲ.

ಈಚಿನ ಕಾರುಗಳು ಬೇರೆ. ಗಾಜಿನ ಹಿಂದೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ. ಎದುರಿಗೆ ಏನಾದರೂ ಅಡ್ಡ ಬಂದು, ಓಡಿಸುವವರು ಗಮನಿಸದಿದ್ದರೆ, ಕಾರು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಗಾಜು ಬದಲಿಸಿದಾಗಲೆಲ್ಲ ಆ ಕ್ಯಾಮೆರಾಕ್ಕೆ ನೇರ ನೋಡುವುದನ್ನು ಮತ್ತೆ ಕಲಿಸಬೇಕು: ಅಳತೆ ಹಿಡಿದು ಕಪ್ಪು-ಬಿಳಿ ಚೌಕಗಳ ಹಲಗೆ ನಿಲ್ಲಿಸಿ, ಯಂತ್ರ ಜೋಡಿಸಿ, ಅರ್ಧ ಗಂಟೆ ಕಾಯಬೇಕು. "ಕಾರಿಗೆ ಕಣ್ಣಿನ ಪರೀಕ್ಷೆ. ಇನ್ನು ಕನ್ನಡಕ ಒಂದು ಬಾಕಿ" ಎಂದು ಗಾಜಣ್ಣ ನಗುತ್ತಿದ್ದ.

ಪರಿಚಯದ ಟೀಚರೊಬ್ಬರ ಕಾರಿಗೆ ಹೊಸ ಗಾಜು ಹಾಕಿದ ದಿನ, ಹಲಗೆ ನಿಲ್ಲಿಸುವ ಜಾಗದಲ್ಲಿ ಕೆಟ್ಟುಹೋದ ವ್ಯಾನೊಂದು ಕೂತಿತ್ತು. ಗಾಜಣ್ಣ ಕ್ಯಾಮೆರಾವನ್ನು ಮೊದಲಿನ ಜಾಗಕ್ಕೇ ಸಿಕ್ಕಿಸಿದ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಲಿಲ್ಲ. ಗಾಜು ತಟ್ಟಿದ, ಕೂತಿತ್ತು. ಕೆಲಸದ ಚೀಟಿಯಲ್ಲಿ ಕ್ಯಾಮೆರಾ ಪರೀಕ್ಷೆಯ ಎದುರು ಸರಿ ಗುರುತು ಹಾಕಿ ಕೀ ಕೊಟ್ಟುಬಿಟ್ಟ.

ಹನ್ನೆರಡು ದಿನದ ಮೇಲೆ ಟೀಚರ ತಮ್ಮನೇ ಆ ಕಾರನ್ನು ತಂದು ನಿಲ್ಲಿಸಿ ಹೋದ. ಮುಂದೆ ಒಂದು ಕಡೆಯ ದೀಪ ಒಡೆದಿತ್ತು. ಜೊತೆಗೆ ಬಂದ ಟೀಚರ್ ಅಲ್ಲೇ ಉಳಿದರು.

"ಹೋದ ವಾರ ಸಿಗ್ನಲ್‌ನಲ್ಲಿ ನಿಂತಿದ್ದ ಗಾಡಿಗೆ ಗುದ್ದಿಬಿಟ್ಟೆ ಗಾಜಣ್ಣ. ಪಕ್ಕದಲ್ಲಿ ಅಮ್ಮ ಇದ್ರು. ಮಣಿಕಟ್ಟು ಮುರೀತು."

ಗಾಜಣ್ಣ ಒಡೆದ ದೀಪದ ಮುಂದೆ ಕುಕ್ಕರಿಸಿದ.

"ನಂದೇ ತಪ್ಪು. ಅಮ್ಮನ ಬೆಲ್ಟ್ ಸರಿ ಮಾಡೋಕೆ ಒಂದು ಗಳಿಗೆ ತಿರುಗಿದೆ. ಹಿಂದೆ ಎರಡು ಸಲ ಕಾರೇ ನಿಂತು ನನ್ನ ಮಾನ ಉಳಿಸಿತ್ತು. ಈ ಸಲ ಅದಕ್ಕೂ ನನ್ನ ಸಹವಾಸ ಸಾಕಾಯ್ತೇನೋ. ಸಂಜೆ ತಮ್ಮ ಬರ್ತಾನೆ, ಕಾರು ಅವನೇ ಇಟ್ಕೊಳ್ಲಿ. ನಾನಿನ್ನು ಸ್ಟೇರಿಂಗ್ ಮುಟ್ಟಲ್ಲ."

ಗಾಜಣ್ಣನಿಗೆ ಚೀಟಿಯ ಮೇಲಿನ ಸರಿ ಗುರುತು ನೆನಪಾಯಿತು. ಆದರೂ ಬಾಯಿಂದ ಬಂದದ್ದು, "ಬಿಸಿಲು ಎದುರಿಗಿತ್ತಾ ಟೀಚರ್?"

"ಇತ್ತು. ಸಂಜೆ ಬಿಸಿಲು."

"ಮತ್ತೆ? ಎದುರು ಬಿಸಿಲು, ಜೋರು ಮಳೆ, ಮಂಜು ಇದ್ರೆ ಕ್ಯಾಮೆರಾಕ್ಕೆ ಒಂದೊಂದ್ಸಲ ಕಾಣ್ಸಲ್ಲ. ಪೂರ್ತಿ ನಂಬೋ ಹಾಗಿಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ತನ್ನ ದನಿ ಕೇಳಿಸಿಕೊಳ್ಳಲು ಆಗಲಿಲ್ಲ.

ಹೊಸ ದೀಪ ಕೂರಿಸಿದ ಮೇಲೆ, ಯಾರೂ ಹೇಳದಿದ್ದರೂ, ಹಲಗೆ ನಿಲ್ಲಿಸಿದ. ಯಂತ್ರದ ಪರದೆಯ ಮೇಲೆ ಕೆಂಪು ಅಂಕಿಗಳು ಬಂದವು. ಕ್ಯಾಮೆರಾ ರಸ್ತೆ ಬಿಟ್ಟು ಮೇಲಕ್ಕೆ ನೋಡುತ್ತಿತ್ತು. ಗಾಜು ಹಾಕಿದ ದಿನದಿಂದ ಅದು ಮರದ ತುದಿ ನೋಡಿಕೊಂಡು ಓಡಾಡಿತ್ತು.

ಅಂಗಡಿಯ ಮಾಲೀಕ, ಗಾಜಣ್ಣನ ತಂಗಿಯ ಗಂಡ, ಹಿಂದಿನಿಂದ ಇಣುಕಿದ. "ಸುಮ್ನಿರಿ ಭಾವ. ಬಿಸಿಲಿತ್ತು ಅಂತ ಅವರೇ ಹೇಳಿದಾರೆ. ಸರಿ ಮಾಡಿ ಕಳಿಸಿ."

"ಚೀಟೀಲಿ ನನ್ನ ಗುರುತಿದೆ."

"ಇದೆಯಲ್ಲಾ, ಮತ್ತೇನು?"

ಬೆಂಚಿನ ಮೇಲೆ ಟೀಚರ್ ಕೀಗೊಂಚಲು ಹಿಡಿದು, ಉಗುರಿನಿಂದ ಅದರ ರಿಂಗ್ ಬಿಡಿಸಿ, ಮನೆಯ ಕೀ ಬೇರೆ ಮಾಡುತ್ತಿದ್ದರು. ರಿಂಗ್ ಬಿಗಿಯಾಗಿತ್ತು. ಗಾಜಣ್ಣ ಎದುರಿಗೆ ಹೋಗಿ ನಿಂತ.

"ಗಾಜು ಹಾಕಿದ ದಿನ ಕ್ಯಾಮೆರಾ ಪರೀಕ್ಷೆ ಮಾಡ್ಲಿಲ್ಲ ಟೀಚರ್. ಮಾಡಿದೀನಿ ಅಂತ ಗುರುತು ಹಾಕ್ದೆ."

ಟೀಚರ ಕೈ ನಿಂತಿತು. ತಲೆಯೆತ್ತಿ ಕೇಳಿದರು, "ಮಾಡಿದ್ರೆ ಕಾರು ನಿಲ್ತಿತ್ತಾ?"

"ಗೊತ್ತಿಲ್ಲ. ನಿಲ್ಲದೇನೂ ಇರ್ಬಹುದಿತ್ತು. ಆದ್ರೆ ಅದಕ್ಕೆ ರಸ್ತೆ ನೋಡೋಕೇ ನಾನು ಬಿಡ್ಲಿಲ್ಲ."

ಬೈಗುಳ ಬರಲೆಂದು ಕಾದ. ಬರಲಿಲ್ಲ.

"ಒಂದು ವಾರದಿಂದ ಅಮ್ಮನ ತಲೆ ಬಾಚುವಾಗೆಲ್ಲ ನಾನು ತಪ್ಪಾಯ್ತು ಅಂತಿದೀನಿ" ಎಂದರು ಟೀಚರ್. "ತಿರುಗಿದ್ದು ನಾನೇ, ಅದು ನನಗಿರ್ಲಿ. ನಿಮ್ಮ ತಪ್ಪನ್ನ ನೀವೇ ಬಂದು ಅಮ್ಮಂಗೆ ಹೇಳಿ."

ಪರದೆಯ ಅಂಕಿಗಳು ಹಸಿರಾಗುವವರೆಗೆ ಇಬ್ಬರೂ ಕಾದರು. ಟೀಚರ್ ಮನೆಯ ಕೀಯನ್ನು ಗೊಂಚಲಿಗೇ ಸೇರಿಸಿ ಸ್ಟೇರಿಂಗ್ ಮುಂದೆ ಕೂತರು. ಗಾಜಣ್ಣ ಪಕ್ಕದಲ್ಲಿ ಕೂತ, ಅಮ್ಮ ಕೂತಿದ್ದ ಜಾಗದಲ್ಲಿ. ಮುಂದೆ ಗಾಡಿ ನಿಧಾನವಾದಾಗಲೆಲ್ಲ ಅವನ ಬಲಗಾಲು ತಾನಾಗಿ ಮ್ಯಾಟನ್ನು ಒತ್ತುತ್ತಿತ್ತು.

"ಗಾಜಣ್ಣ, ಬ್ರೇಕ್ ಇರೋದು ಈ ಕಡೆ" ಎಂದರು ಟೀಚರ್, ರಸ್ತೆಯಿಂದ ಕಣ್ಣು ತೆಗೆಯದೆ.

ಅವನು ಕಾಲನ್ನು ಒಳಗೆಳೆದುಕೊಂಡ. ಗಾಜಿನಾಚೆ ನೋಡಲಾಗದೆ, ಆ ವಯಸ್ಸಾದ ತಾಯಿಗೆ ಮೊದಲು ಯಾವ ಮಾತು ಹೇಳುವುದೆಂದು ಹುಡುಕತೊಡಗಿದ.